ಬಂಡೆಯಡಿಯ ಐದನೆಯದು

ನಾಲ್ಕು ಹೆಣಗಳು ಬಯಲಿನಲ್ಲೇ ಬಿದ್ದಿದ್ದವು. ದೂರಿನಲ್ಲಿ ಐದು ಎಂದಿತ್ತು. ಐದನೆಯದನ್ನು ಹುಡುಕಲು ಪೊಲೀಸ್ ಅಧಿಕಾರಿ ಹೆರ್ಮಿನಿಯಾ ವಿಲ್ಕಪಾಸಾ ಮುಕ್ಕಾಲು ಗಂಟೆ ಅಲೆದಳು.

ಸಿಕ್ಕಿದ್ದು ಚಾಚಿಕೊಂಡಿದ್ದ ಬಂಡೆಯೊಂದರ ಅಡಿಯಲ್ಲಿ. ಗುಂಡು ತಿಂದ ವಿಕುನ್ಯಾ ತೆವಳಿಕೊಂಡು ಒಳಗೆ ಸೇರಿ ಅಲ್ಲೇ ಪ್ರಾಣ ಬಿಟ್ಟಿತ್ತು. ಕೊಂದವನು ಅಲ್ಲಿಗೂ ನುಗ್ಗಿ ಬೆನ್ನಿನ ಚರ್ಮ ಸುಲಿದುಕೊಂಡು ಹೋಗಿದ್ದ. ಮೈಮೇಲೆ ಅಂಥ ನಯವಾದ ಉಣ್ಣೆ ಇರುವುದೇ ಜಿಂಕೆಯಷ್ಟು ಎತ್ತರದ ಆ ಕಾಡುಪ್ರಾಣಿಯ ಕರ್ಮ.

ಹೆರ್ಮಿನಿಯಾ ಅಂಚಿನಲ್ಲಿ ಉಳಿದಿದ್ದ ಚರ್ಮದ ಚೂರೊಂದನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಳು.

"ಇನ್ನೂ ಏನು ನೋಡ್ತಿದೀರ ಮೇಡಂ?" ದೂರು ಕೊಟ್ಟ ಡಾಕ್ಟರ್ ರೆಂಜೊ ಬಲರೆಸೊ ಕೂಗಿದ. "ಇವುಗಳ ಕಾವಲುಗಾರನೇ ಕಳ್ಳ. ಎಳ್ಕೊಂಡು ಹೋಗಿ."

ರೆಂಜೊ ಲಿಮಾದವನು. ಪಿಎಚ್‌ಡಿ ಮುಗಿಸಿ ಎರಡು ವರ್ಷದ ಸಂಶೋಧನಾ ಹುದ್ದೆಯ ಮೇಲೆ ಬೆಟ್ಟದ ಮೇಲಿನ ಈ ವಾಯ್ಲುಮಾ ಊರಿಗೆ ಬಂದಿದ್ದ. ಉಪಗ್ರಹದ ಚಿತ್ರ ನೋಡಿ ವಿಕುನ್ಯಾಗಳನ್ನು ಎಣಿಸುವುದು ಅವನ ಕೆಲಸ. ಅವನ ಎಣಿಕೆಯಲ್ಲಿ ಮುನ್ನೂರ ಹನ್ನೆರಡು ಬಂದಿತ್ತು. ಹೋದ ತಿಂಗಳು ಊರವರು ಚಕ್ಕು ನಡೆಸಿ, ಎಲ್ಲರೂ ಹಗ್ಗ ಹಿಡಿದು ಬೆಟ್ಟ ಸುತ್ತುಗಟ್ಟಿ, ಸಿಕ್ಕ ವಿಕುನ್ಯಾಗಳ ಉಣ್ಣೆ ಕತ್ತರಿಸಿ ಬಿಟ್ಟಿದ್ದರು. ಆಗ ಸಿಕ್ಕಿದ್ದು ನೂರ ಎಪ್ಪತ್ತನಾಲ್ಕು.

"ಉಳಿದವು ಎಲ್ಲಿ ಹೋದ್ವು?" ರೆಂಜೊ ಕೇಳಿದ. "ಆ ಕಾವಲುಗಾರ ಸತುರ್ನಿನೊ ಕೊಂದು ಮಾರಿದಾನೆ."

"ಇಲ್ದೇ ಇದ್ದಿದ್ದನ್ನ ಯಾರು ಮಾರ್ತಾರೋ?" ಊರಿನ ಅಧ್ಯಕ್ಷೆ ಯೂಫ್ರಾಸಿಯಾ ಅಗಿಯುತ್ತಿದ್ದ ಕೋಕಾ ಎಲೆಯನ್ನು ಅವನ ಬೂಟಿನ ಪಕ್ಕಕ್ಕೇ ಉಗುಳಿದಳು.

ಕಾವಲುಗಾರನೇ ಕಳ್ಳ ಎಂದಾದರೆ ಎಪ್ಪತ್ತು ವರ್ಷದ ಸತುರ್ನಿನೊ ಜೈಲಿಗೆ ಹೋಗುತ್ತಿದ್ದ. ಊರಿನ ಉಣ್ಣೆ ಕತ್ತರಿಸುವ ಪರವಾನಗಿಯೂ ರದ್ದಾಗುತ್ತಿತ್ತು. ಆ ಉಣ್ಣೆ ಬಿಟ್ಟರೆ ವಾಯ್ಲುಮಾಕ್ಕೆ ಬೇರೆ ಗತಿಯಿರಲಿಲ್ಲ.

* * *

ಸತುರ್ನಿನೊ ಬಾಗಿಲಲ್ಲೇ ಅಡ್ಡ ನಿಂತ.

"ನಿಮ್ಮಪ್ಪ ನನ್ನ ಜೊತೆ ಅಲ್ಪಾಕಾ ಮೇಯಿಸ್ದೋನು. ನೀನು ಇವತ್ತು ಯೂನಿಫಾರ್ಮ್ ಹಾಕ್ಕೊಂಡು ನನ್ನ ಮನೆ ಜಾಲಾಡೋಕೆ ಬಂದೆ. ನಾಚಿಕೆ ಆಗಲ್ವಾ?"

"ಬಂದೂಕು ಇದ್ಯಾ ತಾತ?"

"ಇದೆ. ನಿಮ್ಮೋರೇ ಕೊಟ್ಟಿದ್ದು. ಗುಂಡು ಕೊಡೋದು ಮರ್ತರು."

ಅವಳು ನಳಿಗೆ ನೋಡಿದಳು. ಒಳಗೆ ಜೇಡ ಬಲೆ ಕಟ್ಟಿತ್ತು. ಮೂಲೆಯ ಚಾಕುವಿನಲ್ಲಿ ರಕ್ತವಿತ್ತು. ಆದರೆ ಹಿತ್ತಲಿನ ಹಗ್ಗದ ಮೇಲೆ ಸಾಕಿದ ಅಲ್ಪಾಕಾದ ಮಾಂಸ ಒಣಗುತ್ತಿತ್ತು. ಮುದುಕ ಅದನ್ನು ಕೊಯ್ದಿದ್ದು ಊರಿಗೆಲ್ಲ ಗೊತ್ತಿತ್ತು.

ಅವಳು ಜೇಬಿನ ಚರ್ಮದ ಚೂರು ತೆಗೆದು ಅವನ ಕೈಗಿಟ್ಟಳು. ಮುದುಕ ಹೆಬ್ಬೆರಳಿನಿಂದ ಸವರಿದ. ಕೂದಲು ಉಗುರಿನಷ್ಟೂ ಉದ್ದವಿರಲಿಲ್ಲ. ಅವನು ಬೊಚ್ಚುಬಾಯಿ ತೆರೆದು ಕಹಿಯಾಗಿ ನಕ್ಕ.

"ಇದು ಹೋದ ತಿಂಗಳು ನಾವೇ ಬೋಳಿಸಿದ್ದು. ಉಣ್ಣೆ ಬರೋಕೆ ಇನ್ನೆರಡು ವರ್ಷ ಬೇಕು. ಬೋಳು ಚರ್ಮ ಸುಲಿದೋನು ಕಳ್ಳ ಅಲ್ಲ ಮಗಳೇ, ದಡ್ಡ."

"ಬೇರೆ ನಾಲ್ಕೂ ಹಂಗೇ ಇವೆ ತಾತ. ಅಂದ್ರೆ ಉಣ್ಣೆಗೋಸ್ಕರ ಕೊಂದಿಲ್ಲ."

* * *

ಮರುದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಊರೇ ಸೇರಿತ್ತು. ಯಾರೂ ರೆಂಜೊನಿಗೆ ಕುರ್ಚಿ ಕೊಡಲಿಲ್ಲ.

"ಡಾಕ್ಟ್ರೇ, ಹೆಣ ಇದಾವೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?" ಹೆರ್ಮಿನಿಯಾ ಕೇಳಿದಳು.

"ಎಷ್ಟು ಸಲ ಹೇಳೋದು? ಉಪಗ್ರಹದ ಚಿತ್ರದಲ್ಲಿ ಕಾಣಿಸ್ತು. ದೂರು ಬರ್ದೆ. ನೀವು ಬರೋವರೆಗೂ ನಾನು ಆ ಕಡೆ ಕಾಲಿಟ್ಟಿಲ್ಲ."

"ತೋರ್ಸಿ."

ಅವನು ಲ್ಯಾಪ್‌ಟಾಪ್ ತೆರೆದ. ಕಂದು ಬಯಲಿನಲ್ಲಿ ನಾಲ್ಕು ಕಲೆಗಳಿದ್ದವು. ಅವಳು ಒಂದೊಂದರ ಮೇಲೂ ಬೆರಳಿಟ್ಟಳು.

"ಐದನೇದು?"

"ಅದು ಬಂಡೆ ಕೆಳಗಿತ್ತಲ್ಲ. ನೀವೇ ಹುಡುಕಿದ್ರಿ."

"ನಾನು ಹುಡುಕಿದ್ದು ನಿನ್ನೆ. ನೀವು ಐದು ಅಂತ ಬರ್ದಿದ್ದು ಮೊನ್ನೆ. ನಿಮ್ಮ ಉಪಗ್ರಹ ಬಂಡೆ ಕೆಳಗೆ ಬಗ್ಗಿ ನೋಡುತ್ತೇನ್ರೀ?"

ರೆಂಜೊ ಲ್ಯಾಪ್‌ಟಾಪ್ ಮುಚ್ಚಲು ಹೋದ.

"ನಾನೇ ಹೇಳ್ತೀನಿ," ಎಂದಳು ಹೆರ್ಮಿನಿಯಾ. "ನೀವು ಬಂಡೆಕಲ್ಲು, ಹುಲ್ಲುಗುಡ್ಡೆ ಎಲ್ಲಾನೂ ವಿಕುನ್ಯಾ ಅಂತ ಎಣಿಸಿದ್ರಿ. ಚಕ್ಕುನಲ್ಲಿ ಬಣ್ಣ ಬಯಲಾಯ್ತು. ಮುಂದಿನ ವಾರ ನಿಮ್ಮ ಹುದ್ದೆ ಮುಂದುವರಿಸಬೇಕಾ ಬೇಡ್ವಾ ಅಂತ ನೋಡೋಕೆ ಲಿಮಾದೋರು ಬರ್ತಿದಾರೆ. ಎಣಿಕೆ ತಪ್ಪು ಅಂದ್ರೆ ಹುದ್ದೆ ಹೋಯ್ತು. ಕಳ್ಳ ಸಿಕ್ಕಿದ್ರೆ ಎಣಿಕೆ ಸರಿ. ಅದಕ್ಕೇ ನೀವೇ ಐದು ಕೊಂದು ಒಬ್ಬ ಕಳ್ಳನ್ನ ಹುಟ್ಟಿಸಿದ್ರಿ. ಆದ್ರೆ ಮೇಲಿಂದ ನೋಡಿದ್ರೆ ಬೋಳಿಸಿದ್ದೂ ಚುಕ್ಕೆ, ಬೋಳಿಸದ್ದೂ ಚುಕ್ಕೆ. ನಿಮಗೆ ಕೊನೇವರೆಗೂ ವ್ಯತ್ಯಾಸವೇ ಗೊತ್ತಾಗ್ಲಿಲ್ಲ, ಬೋಳು ಚರ್ಮಾನೇ ಸುಲಿದ್ರಿ."

ಅವಳ ಜೊತೆ ಬಂದಿದ್ದ ಕಾನ್‌ಸ್ಟೇಬಲ್ ರೆಂಜೊನ ಪಿಕಪ್ ಗಾಡಿಯಿಂದ ಡ್ರೋನ್ ಪೆಟ್ಟಿಗೆ ಇಳಿಸಿ ಬೀಗ ಒಡೆದ. ಡ್ರೋನ್ ಇರಲಿಲ್ಲ. ಬಿಚ್ಚಿಟ್ಟ ಬಂದೂಕು ಇತ್ತು, ಐದು ಬೋಳು ಚರ್ಮಗಳಿದ್ದವು. ಅವುಗಳನ್ನು ಮುದುಕನ ಮನೆಯಲ್ಲಿ ಬಚ್ಚಿಡಲು ರೆಂಜೊನಿಗಿನ್ನೂ ಸಮಯ ಸಿಕ್ಕಿರಲಿಲ್ಲ.

"ಹದಿನಾಲ್ಕು ಕಡೆ ಅರ್ಜಿ ಹಾಕಿದ್ದೆ!" ರೆಂಜೊ ಕಿರುಚಿದ. "ಸಿಕ್ಕಿದ್ದು ಇದೊಂದೇ. ಐದು ಪ್ರಾಣಿಗೋಸ್ಕರ ನನ್ನ ಇಡೀ ಜೀವನ ಹಾಳು ಮಾಡ್ತೀರಾ?"

"ನನ್ನ ಜೀವನ ನಿಂಗೆ ಲೆಕ್ಕಕ್ಕೇ ಬರ್ಲಿಲ್ವಾ?" ಸತುರ್ನಿನೊ ಕೇಳಿದ.

ರೆಂಜೊ ಕಾನ್‌ಸ್ಟೇಬಲ್‌ನನ್ನು ಪಕ್ಕಕ್ಕೆ ತಳ್ಳಿ ಗಾಡಿಯತ್ತ ಓಡಿದ.

ಹೆರ್ಮಿನಿಯಾ ಕೂಗಲೂ ಇಲ್ಲ, ಓಡಲೂ ಇಲ್ಲ. ಗೋಡೆಯ ಮೂಲೆಯಲ್ಲಿ ಚಕ್ಕುವಿನ ಹಗ್ಗ ಸುತ್ತಿಟ್ಟಿತ್ತು. ಉದ್ದಕ್ಕೂ ಬಣ್ಣದ ಚಿಂದಿ ಕಟ್ಟಿದ ಹಗ್ಗ. ಯಾರೋ ಒಂದು ತುದಿ ಎತ್ತಿಕೊಂಡರು. ಇನ್ಯಾರೋ ಮತ್ತೊಂದು ತುದಿ ಹಿಡಿದು ಗಾಡಿಯ ಆಚೆಗೆ ಹೋದರು. ಹೆಂಗಸರು, ಗಂಡಸರು, ಮುದುಕರು ನಡುವೆ ಸೇರಿಕೊಂಡರು. ಇಡೀ ಬೆಟ್ಟವನ್ನೇ ಸುತ್ತುಗಟ್ಟಿ ಪಳಗಿದ ಜನ. ಒಬ್ಬರೂ ಅವಸರ ಮಾಡಲಿಲ್ಲ. ರೆಂಜೊ ಎಡಕ್ಕೆ ಓಡಿದ, ಬಲಕ್ಕೆ ಓಡಿದ, ಕೊನೆಗೆ ನಡುವೆ ನಿಂತು ಏದುಸಿರು ಬಿಟ್ಟ. ಸುತ್ತು ಒಂದೊಂದೇ ಹೆಜ್ಜೆ ಕಿರಿದಾಯಿತು.

ಯೂಫ್ರಾಸಿಯಾ ಹಗ್ಗ ಬಿಗಿ ಹಿಡಿದು ಅವನ ಮುಖದ ಮುಂದೆಯೇ ಬಂದು ನಿಂತಳು.

"ಹೂಂ, ಎಣಿಸೋ," ಎಂದಳು. "ನಾವೆಷ್ಟು ಜನ ಇದೀವಿ, ಈಗ ಎಣಿಸು."