ಕಲ್ಲಿನ ಮೇಲಿನ ಕೀಬೋರ್ಡು

“ಏ ಮಹಾದ್ಯಾ, ಇದೇನ ನಿಮ್ಮವ್ವ ರೊಟ್ಟಿ ಬಡಿಯೂ ಕಲ್ಲಂತ ತಿಳದಿ ಏನಲೇ? ತಗಿ ಕೈ!”

ಕಂಪ್ಯೂಟರ್ ಸರ್ ಒದರಿದ್ದೇ ತಡ, ಕ್ಲಾಸಿನ ಅಷ್ಟೂ ಹುಡುಗರು ಹೋ ಎಂದು ನಕ್ಕರು. ಮಹಾದೇವ ಬೆಂಕಿ ತಾಕಿದವನ ಹಾಗೆ ಬೆರಳು ಎಳೆದುಕೊಂಡ. ತಲೆಯೆತ್ತಿ ನೋಡಿದರೆ, ಪರದೆಯ ತುಂಬ ಎಮ್, ಎಮ್, ಎಮ್!

“ಹೆಸರ ಹೊಡಿ ಅಂದ್ರ ಇರಿವಿ ಸಾಲ ಹಚ್ಯಾನ ನೋಡ್ರಿ ಸರ್,” ಎಂದು ಹಿಂದಿನಿಂದ ಯಾರೋ ಅಂದರು. ಮತ್ತೆ ನಗೆ.

ಸವದತ್ತಿಯ ಆ ಸಾಲೆಗೆ ಕಂಪ್ಯೂಟರ್ ಬಂದದ್ದೇ ಆಗ. ಇದ್ದದ್ದು ಒಂದೇ. ಅದಕ್ಕೇ ಸರ್ ಮೊದಲೇ ಹೇಳಿದ್ದರು: ತಮ್ಮ ಹೆಸರು ತಪ್ಪಿಲ್ಲದೆ ಹೊಡೆದವರಿಗಷ್ಟೇ ಕಂಪ್ಯೂಟರ್ ಕ್ಲಾಸು. ಉಳಿದವರು ಆ ಹೊತ್ತಿನಲ್ಲಿ ಗಿಡಗಳಿಗೆ ನೀರು ಹಾಕಬೇಕು.

“ಸರ್, ಇನ್ನೊಮ್ಮೆ ಹೊಡೀತೇನ್ರಿ…”

“ಇನ್ನೊಮ್ಮೆ ಗಿನ್ನೊಮ್ಮೆ ಇಲ್ಲ. ಕೆಟ್ಟತಂದ್ರ ನಿಮ್ಮಪ್ಪ ತಂದ ಕೊಡತಾನೇನ? ಹೋಗ, ಬಕೀಟ ಹಿಡಿ. ಸುಮೇಧ, ನೀ ಬಾರಪಾ.”

ಸುಮೇಧ ವಕೀಲರ ಮಗ. ಅವನ ಮನೆಯಲ್ಲೇ ಕಂಪ್ಯೂಟರ್ ಇತ್ತು. ದಿನಾ ಸಂಜೆ ಅದರಲ್ಲಿ ಕಾರ್ ಗೇಮ್ ಆಡುತ್ತಿದ್ದ. ಟಿಕ್ ಟಿಕ್ ಟಿಕ್, ನೋಡನೋಡುತ್ತ ಅವನ ಹೆಸರು ಬಂದೇಬಿಟ್ಟಿತು.

“ಶಾಬ್ಬಾಸ್! ತಲಿ ಅಂದ್ರ ಹಿಂಗ ಇರಬೇಕ ನೋಡ್ರಿ,” ಎಂದರು ಸರ್.

ಗಿಡಕ್ಕೆ ನೀರು ಹಾಕುವಾಗ ಮಹಾದೇವನ ಕಿವಿ ಇನ್ನೂ ಸುಡುತ್ತಿತ್ತು. ಅವನ ಅವ್ವ ಗುರುಬಸವ್ವ ಪೇಟೆಯ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಸರ್ ಮಧ್ಯಾಹ್ನ ಉಣ್ಣುವುದು ಅದೇ ಖಾನಾವಳಿಯಲ್ಲಿ. ‘ನೀವು ತಿನ್ನೂದು ನಮ್ಮವ್ವನ ರೊಟ್ಟೀನ ರೀ’ ಎಂದು ಕೂಗಿ ಹೇಳಬೇಕು ಅನಿಸಿತು. ಹೇಳಿದರೆ ಮತ್ತೆ ನಗುತ್ತಾರೆ.

ಅಷ್ಟು ಮಂದಿಯ ನಡುವೆ ಅವ್ವನ ರೊಟ್ಟಿಯ ಮಾತು ಬಂದದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು. ಅವ್ವನ ಬಗ್ಗೆ ನಾಚಿಕೆಪಟ್ಟೆನಲ್ಲ ಎಂದು ಈಗ ಇನ್ನಷ್ಟು ನಾಚಿಕೆಯಾಯಿತು.

ಅವನೇನು ಕಲಿಯದೆ ಹೋಗಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಸೆಂಟರಿನ ಒಂದು ಬೋರ್ಡಿತ್ತು. ಅದರಲ್ಲಿದ್ದ ಕೀಬೋರ್ಡಿನ ಚಿತ್ರ ನೋಡಿಕೊಂಡು ಬಂದು, ಮನೆ ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಚಾಕ್‌ಪೀಸಿನಿಂದ ಬರೆದಿದ್ದ. ತಂಗಿ ನಾಗರತ್ನಾ ಎದುರಿಗೆ ಕೂತು ಪರದೆ ಆಗುತ್ತಿದ್ದಳು. ಮಹಾದೇವ ಒಂದು ಅಕ್ಷರವನ್ನು ಒತ್ತಿ ಹಿಡಿಯಬೇಕು. ಅವಳು ಬಗ್ಗಿ ನೋಡಿ, “ಎಮ್!” ಎಂದು ಒದರಬೇಕು. ಆಮೇಲೆಯೇ ಬೆರಳು ಎತ್ತುವುದು.

ಇವತ್ತೂ ಹಾಗೇ ಒತ್ತಿ ಹಿಡಿದಿದ್ದ. ಒದರುವವರು ಯಾರೂ ಇರಲಿಲ್ಲ.

ಸಂಜೆ ಮನೆಗೆ ಬಂದರೆ, ನಾಗರತ್ನಾ ಗೆಳತಿ ಇಂದ್ರವ್ವನನ್ನು ಕರೆದುಕೊಂಡು ಬಾಗಿಲಲ್ಲೇ ಕೂತಿದ್ದಳು. ಅಳಿಸಿಹೋಗಿದ್ದ ಅಕ್ಷರಗಳನ್ನೆಲ್ಲ ಹೊಸದಾಗಿ, ದಪ್ಪಗೆ ತಿದ್ದಿದ್ದಳು. ಕೈಯೆಲ್ಲ ಬೆಳ್ಳಗಾಗಿತ್ತು.

“ನೋಡಲೇ ಇಂದ್ರಿ, ನಮ್ಮಣ್ಣ ಬಂದ! ಖರೇ ಕಂಪ್ಯೂಟರ್ ಹೊಡದ ಬಂದಾನ!”

“ಎಲ್ಲಾ ನಿನ್ನಿಂದ ಆತು! ನೀ ಏನ ಇದನ್ನ ರೊಟ್ಟಿ…”

ಮಹಾದೇವ ಗಕ್ಕನೆ ನಿಂತ. ಬಾಯಿಗೆ ಬಂದ ಮಾತು ಅವನದಾಗಿರಲಿಲ್ಲ. ಸರ್ ಮಾತು, ಸರ್ ದನಿ. ಒಳಗಿನಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ತಪ್ ತಪ್ ತಪ್. ಅವನು ಉಳಿದದ್ದನ್ನು ನುಂಗಿಕೊಂಡ.

ನಾಗರತ್ನಾಳ ಮುಖದ ನಗು ಇನ್ನೂ ಪೂರಾ ಹೋಗಿರಲಿಲ್ಲ. ಬೆಳ್ಳನೆಯ ಕೈಯಿಂದ ಅವನ ಅಂಗಿ ಹಿಡಿದು ಮೆಲ್ಲಗೆ ಕೇಳಿದಳು:

“ಅಣ್ಣಾ, ಅಲ್ಲೆ ಎಮ್ ಅಂತ ಯಾರ ಒದರಿದ್ರು?”

ಮಹಾದೇವ ಅಂಗಿ ಬಿಡಿಸಿಕೊಂಡ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಅವಳು ತಿದ್ದಿದ ಒಂದು ಅಕ್ಷರದ ಮೇಲೂ ಕಾಲು ಬೀಳದ ಹಾಗೆ ದಾಟಿ, ಒಳಗೆ ನಡೆದ.