ನಾಲ್ಕನೇ ನಕ್ಷತ್ರ

“ಸಿಕ್ತು! ಸಿಕ್ಕೇ ಬಿಡ್ತು!”

ಚೂಟಿ ಕಿರುಚಿದ ರಭಸಕ್ಕೆ ಗುಜರಿ ಅಂಗಡಿಯ ತಾತನ ಟೀ ಲೋಟ ತುಳುಕಿತು.

“ಏನಮ್ಮಾ, ಹಾವು ಸಿಕ್ತಾ?” ಅಂದರು ತಾತ.

ಹಾವಲ್ಲ, ನಕ್ಷತ್ರ! ತುಕ್ಕು ಹಿಡಿದ ಬೀಗ, ಮುರಿದ ಚಮಚಗಳ ಡಬ್ಬಿಯ ತಳದಲ್ಲಿ ಬಿದ್ದಿದ್ದ ಪುಟ್ಟ ಲೋಹದ ನಕ್ಷತ್ರ.

“ತಗೊಂಡು ಹೋಗು. ಇದಕ್ಕೋಸ್ಕರ ನಿಮ್ಮಾವ ನನ್ನ ತಲೆ ತಿಂದಿದ್ದು ಸಾಕು,” ಎಂದು ತಾತ ಕೈ ಮುಗಿದರು.

ಚೂಟಿಯ ಸೋದರಮಾವ ಟೈಲರ್. ಹೊಟ್ಟೆಪಾಡಿಗೆ ಹೊಲಿಯುವುದು ಸ್ಕೂಲ್ ಯೂನಿಫಾರ್ಮ್. ಜೀವ ಇಟ್ಟುಕೊಂಡಿರುವುದು ಹಳೇ ಕಾಲದ ಮಿಲಿಟರಿ ಆಫೀಸರುಗಳ ಯೂನಿಫಾರ್ಮ್ ಮೇಲೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಥ ಹನ್ನೊಂದು ಕೋಟುಗಳಿವೆ. ಅವುಗಳ ಮುಂದೆ ಮಾವ ಯಾವಾಗಲೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದ. “ದೊಡ್ಡ ಜನರಲ್ ಸಾಹೇಬ ಬಂದ!” ಎಂದು ಚೂಟಿ ರೇಗಿಸುತ್ತಿದ್ದಳು. ಮೂಲೆಯಲ್ಲೊಂದು ಪುಟಾಣಿ ಕೋಟು ಇತ್ತು. ಅದಕ್ಕೆ ಅವಳಿಟ್ಟ ಹೆಸರು ‘ಕುಳ್ಳ ಸಾಹೇಬರು’.

ಒಬ್ಬ ಲೆಫ್ಟಿನೆಂಟರ ಕೋಟಿಗೆ ಮಾತ್ರ ಎಡ ಭುಜದಲ್ಲಿ ಎರಡು ನಕ್ಷತ್ರ, ಬಲ ಭುಜದಲ್ಲಿ ಒಂದೇ ಒಂದು. ಆ ನಾಲ್ಕನೆಯದಕ್ಕಾಗಿ ಮಾವ ಆರು ವರ್ಷದಿಂದ ಹುಡುಕದ ಜಾಗವಿಲ್ಲ. ನಾಳೆ ಚೂಟಿಯ ಸ್ಕೂಲಿನಲ್ಲೇ ಕೋಟುಗಳ ಪ್ರದರ್ಶನ ಬೇರೆ!

ಚೂಟಿ ಒಂದೇ ಉಸಿರಿಗೆ ಮನೆಗೆ ಓಡಿದಳು. ನಕ್ಷತ್ರ ಕಂದು ಬಣ್ಣಕ್ಕೆ ತಿರುಗಿ ಮಂಕಾಗಿತ್ತು. ‘ಮಾವನ ಹತ್ರ ಇರೋ ಮೂರೂ ಹೀಗೇ ಕೊಳಕು. ಇದಾದರೂ ಹೊಳೆಯಲಿ’ ಅಂದುಕೊಂಡು ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದಳು, ಉಜ್ಜಿದಳು, ಬೆರಳು ಉರಿಯುವವರೆಗೂ ಉಜ್ಜಿದಳು. ನಕ್ಷತ್ರ ಚಿನ್ನದ ಹಾಗೆ ಫಳಫಳ ಅಂದಿತು. ಅದನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಮಾವನ ಅಂಗಡಿಗೆ ಓಡಿದಳು.

“ಮಾವ, ಕಣ್ಣು ಮುಚ್ಚು! ಕೈ ಚಾಚು!”

ಮಾವ ಕಣ್ಣು ಬಿಟ್ಟ. ಬಾಯಿ ತುಂಬ ನಕ್ಕ. ನಕ್ಷತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನಗು ಮೆಲ್ಲಗೆ ಇಳಿದುಹೋಯಿತು.

“ತಿಕ್ಕಿದ್ಯಾ ಪುಟ್ಟಿ?”

“ಹೂಂ! ಎಷ್ಟು ಕೊಳೆ ಇತ್ತು ಗೊತ್ತಾ?”

“ಅದು ಕೊಳೆ ಅಲ್ಲ ಕಣೇ, ಬಣ್ಣ. ಬಿಸಿಲಿಗೆ ನಕ್ಷತ್ರ ಮಿಂಚಿದ್ರೆ ಆಫೀಸರ್ ಯಾರು ಅಂತ ಶತ್ರುಗಳಿಗೆ ದೂರದಿಂದಲೇ ಗೊತ್ತಾಗಿಬಿಡುತ್ತೆ. ಅದಕ್ಕೇ ಬೇಕಂತಲೇ ಮಂಕು ಮಾಡಿರ್ತಿದ್ರು.”

ಮಾವ ಆರು ವರ್ಷ ಹುಡುಕಿದ್ದನ್ನು ಚೂಟಿ ಅರ್ಧ ಗಂಟೆಯಲ್ಲಿ ಹಾಳು ಮಾಡಿದ್ದಳು.

“ಮತ್ತೆ ಬಣ್ಣ ಬಳಿಯೋಣ ಮಾವ. ಯಾರಿಗೂ ಗೊತ್ತಾಗಲ್ಲ.”

ಮಾವ ಬೇಡವೆಂದು ತಲೆಯಾಡಿಸಿದ. ಪ್ರತಿ ಕೋಟಿನ ಜೇಬಿನಲ್ಲೂ ಅವನು ಒಂದು ಕಾರ್ಡ್ ಇಡುತ್ತಿದ್ದ. ಎಲ್ಲಿ ಸಿಕ್ಕಿತು, ಎಲ್ಲಿ ಹರಿದಿತ್ತು, ಯಾರು ರಿಪೇರಿ ಮಾಡಿದರು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಪ್ರದರ್ಶನದಲ್ಲಿ ಆ ಕಾರ್ಡ್ ಕೋಟಿನ ಪಕ್ಕದಲ್ಲೇ ಇರುತ್ತದೆ. ಲೆಫ್ಟಿನೆಂಟರ ಕಾರ್ಡನ್ನೂ ಪೆನ್ನನ್ನೂ ಅವನು ಚೂಟಿಯ ಮುಂದಿಟ್ಟ.

“ನಡೆದಿದ್ದನ್ನ ನೀನೇ ಬರಿ.”

“ನಾನಾ? ಇಡೀ ಕ್ಲಾಸ್ ಓದುತ್ತೆ ಮಾವ! ಎಲ್ರೂ ನಗ್ತಾರೆ!” ಚೂಟಿ ಅಳುವುದೊಂದು ಬಾಕಿ.

ಮಾವ ಎದ್ದು ಹೋಗಿ ಕುಳ್ಳ ಸಾಹೇಬರ ಕೋಟನ್ನು ತಂದು ಅವಳ ಮಡಿಲಿಗೆ ಹಾಕಿದ.

“ಜೇಬು ನೋಡು.”

ಹಳದಿಯಾದ ಕಾರ್ಡ್. ಸೊಟ್ಟಪಟ್ಟ ಅಕ್ಷರ. ಚೂಟಿ ಜೋರಾಗಿ ಓದಿದಳು: “ಇದು ನನ್ನ ಮೊದಲನೇ ಕೋಟು. ಕೊಳೆ ಹೋಗಲಿ ಅಂತ ಬಿಸಿನೀರಲ್ಲಿ ಒಗೆದೆ. ಉಣ್ಣೆ ಕುಗ್ಗಿಹೋಯಿತು. ಒಗೆದವನು ನಾನು, ಐದನೇ ಕ್ಲಾಸ್.”

ಚೂಟಿ ತಲೆ ಎತ್ತಿದಳು. “ಹಾಗಾದ್ರೆ ಕುಳ್ಳ ಸಾಹೇಬರು...?”

“ಆರಡಿ ಇದ್ರಂತೆ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಚೂಟಿ ಪೆನ್ನಿನ ಕ್ಯಾಪ್ ತೆಗೆದಳು.

ಮರುದಿನ ಸ್ಕೂಲ್ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೆಫ್ಟಿನೆಂಟರ ಬಲ ಭುಜದಲ್ಲಿ ಒಂದು ನಕ್ಷತ್ರ ಮಾತ್ರ ಮಿರಮಿರ ಮಿಂಚುತ್ತಿತ್ತು. ಪಕ್ಕದ ಕಾರ್ಡನ್ನು ಅವಳ ಕ್ಲಾಸಿನ ದಂಡೇ ಮುತ್ತಿಕೊಂಡಿತು: “ನಾಲ್ಕನೇ ನಕ್ಷತ್ರ ಹುಡುಕಿದವಳು ಚೂಟಿ. ತಿಕ್ಕಿ ಕೆಡಿಸಿದವಳೂ ಚೂಟಿ, ಐದನೇ ಕ್ಲಾಸ್.”

ಕೆಲವರು ಕಿಸಕ್ಕನೆ ನಕ್ಕರು. ಚೂಟಿಯ ಕಿವಿ ಬಿಸಿಯಾಯಿತು. ಆದರೆ ಮರುಗಳಿಗೆಯೇ ಪ್ರಶ್ನೆಗಳ ಸುರಿಮಳೆ. “ಯಾಕೆ ತಿಕ್ಕಬಾರದು?” “ಶತ್ರುಗಳಿಗೆ ಕಾಣ್ಸುತ್ತಾ?” “ನಿಜವಾಗ್ಲೂ?” ಚೂಟಿ ಹೇಳಿದ್ದೇ ಹೇಳಿದ್ದು, ನಾಲಿಗೆ ಒಣಗುವವರೆಗೂ.

ಅಷ್ಟರಲ್ಲಿ ಒಂದನೇ ಕ್ಲಾಸಿನ ಪೋರಿಯೊಬ್ಬಳು ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಮಂಕಾದ ನಕ್ಷತ್ರದ ಕಡೆಗೆ ಕೈ ಚಾಚಿದಳು. ಚೂಟಿ ಗಬಕ್ಕನೆ ಆ ಕೈ ಹಿಡಿದಳು.

“ಅದು ಹಾಗೇ ಇರ್ಲಿ ಪುಟ್ಟಿ.”

“ಒಂಚೂರು ಒರೆಸ್ತೀನಿ ಅಕ್ಕಾ!”

“ಊಹೂಂ.”

ಪೋರಿ ಮುಖ ಊದಿಸಿಕೊಂಡು ಹೋದಳು. ಚೂಟಿ ಕೋಟನ್ನೇ ನೋಡುತ್ತ ನಿಂತಳು. ಕಾಲರ್ ಮೇಲೊಂದು ಸಣ್ಣ ಕಲೆ. ಉಗುರಲ್ಲಿ ಕೆರೆದರೆ ಹೋಗುತ್ತದೇನೋ? ಬೆರಳು ತುರಿಸಿತು.

ಚೂಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡಳು. ಆಮೇಲೆ ತಿರುಗಿ ನೋಡಿದಳು. ಹಾಲಿನ ಆ ತುದಿಯಲ್ಲಿ, ಕುಳ್ಳ ಸಾಹೇಬರ ಕೋಟಿನ ಮುಂದೆ, ಮಾವನೂ ಹಾಗೇ ನಿಂತಿದ್ದ.