ಎರಡು ಚೀಲ ಉಸಿರು

"ಮುಟ್ಟಬೇಡಿ!"

ಇನ್ಸ್‌ಪೆಕ್ಟರ್ ಕೂಗುವಷ್ಟರಲ್ಲಿ ಸತ್ತವನ ಅಣ್ಣ ಒಲೆಯ ಪಕ್ಕದ ಡಬ್ಬಿಯನ್ನು ಎತ್ತಿಯೇಬಿಟ್ಟಿದ್ದ. ಮುಚ್ಚಳ ಹಾರಿತು. ಬಿಳಿ ಪುಡಿ ನೆಲದ ಮೇಲೆ ಚೆಲ್ಲಿತು.

"ನೋಡಿ ಮೇಡಂ, ವಿಷ! ಇದನ್ನೇ ಹಾಕಿ ನನ್ನ ತಮ್ಮನ್ನ ಮುಗಿಸಿದಾಳೆ!"

ತಮ್ಮ ಬಚ್ಚಲಮನೆಯ ಬಾಗಿಲಲ್ಲಿ ಬಿದ್ದಿದ್ದ. ಬಸ್ ಡ್ರೈವರ್. ಬೆಳಗಿನ ಪಾಳಿಗೆ ಹೊರಟವನು. ಖಾಕಿ ಅಂಗಿಯ ಗುಂಡಿ ಅರ್ಧ ಹಾಕಿತ್ತು. ಬಾಯಿಯ ಸುತ್ತ, ಬಕೆಟ್ಟಿನೊಳಗೆ, ಕಾಫಿ ಚರಟದಂಥ ಕಪ್ಪು ವಾಂತಿ.

ಹೆಂಡತಿ ಗೋಡೆಗೊರಗಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಅಳದ ಹೆಂಗಸನ್ನು ಕಂಡರೆ ಓಣಿಗೆಲ್ಲ ಅನುಮಾನ.

"ಅದು ಅಡಿಗೆ ಸೋಡಾ," ಅಂದಳು. "ಎದೆ ಉರಿ ಅಂತ ಅವರೇ ನೀರಿಗೆ ಹಾಕ್ಕೊಂಡು ಕುಡೀತಿದ್ರು. ಒಂದು ತೇಗು ಬಂದ್ರೆ ಬದುಕಿದೆ ಅಂತಿದ್ರು."

"ನಾಟಕ! ಮೊನ್ನೆ ಇಬ್ರೂ ಹಾವು ಮುಂಗುಸಿ ಥರ ಕಚ್ಚಾಡಿದ್ದು ಬೀದಿಗೆಲ್ಲ ಕೇಳಿಸಿದೆ."

"ಹೌದು ಭಾವ. ಮತ್ತೆ ಡಾಕ್ಟ್ರ ಹತ್ರ ಹೋಗಿ ಅಂತ ಜಗಳ ಆಡಿದ್ದೆ. ರಿಪೋರ್ಟಲ್ಲಿ ಏನೂ ಇಲ್ಲ, ನಿಂದೊಂದು ಗೋಳು ಅಂತ ನನ್ನ ಬಾಯಿ ಮುಚ್ಚಿಸಿದ್ರು."

ಇನ್ಸ್‌ಪೆಕ್ಟರ್ ಜೇಬಿನಿಂದ ಮಾತ್ರೆ ತೆಗೆದು ಜಗಿದಳು. ಅವಳ ಎದೆಯೂ ಉರಿಯುತ್ತಿತ್ತು.

"ಬೆಳಿಗ್ಗೆಯಿಂದ ನಾಲ್ಕನೇದು ಮೇಡಂ," ಪೇದೆ ಪಿಸುಗುಟ್ಟಿದ. "ಪೆಪ್ಪರ್‌ಮೆಂಟಾ, ತಿಂಡೀನಾ?"

"ನೀನು ಪುಡಿ ಗುಡಿಸ್ಕೋ."

ಅಣ್ಣ ದೂರು ಬರೆದುಕೊಟ್ಟ. ಹೆಂಡತಿಯನ್ನು ಠಾಣೆಗೆ ಕರೆದೊಯ್ಯಲೇಬೇಕಾಯಿತು. ಹೊಟ್ಟೆಯಲ್ಲಿ ವಿಷ ಸಿಕ್ಕರೆ ಅವಳು ಹೊರಗೆ ಬರುವುದು ಕನಸಿನ ಮಾತು.

*

ವಿಷ ಸಿಗಲಿಲ್ಲ.

"ಜಠರದಲ್ಲಿ ಹುಣ್ಣು," ಶವಪರೀಕ್ಷೆ ಮಾಡಿದಾತ ಕೈ ಒರೆಸಿಕೊಂಡ. "ರಕ್ತನಾಳಾನೇ ಕೊರೆದುಬಿಟ್ಟಿದೆ. ಪುಡಿ ಬರೀ ಸೋಡಾ."

"ಹುಣ್ಣು ಯಾಕಾಯ್ತು?"

"ಸೋಂಕು. ಜಠರದ ಗೋಡೇಲಿ ಮನೆ ಮಾಡೋ ಬ್ಯಾಕ್ಟೀರಿಯಾ. ಇವನಲ್ಲಿ ಕಿಕ್ಕಿರಿದಿದೆ. ಎರಡು ವಾರ ಔಷಧಿ ಕೊಟ್ಟಿದ್ರೆ ಹೋಗ್ತಿತ್ತು. ಯಾರೂ ಕೊಡ್ಲಿಲ್ವಾ?"

ಡ್ರೈವರನ ಅಂಗಿ ಜೇಬಿನಲ್ಲಿದ್ದ ಚಿಕಿತ್ಸಾಲಯದ ಕಾಗದವನ್ನು ಅವಳು ಬಿಡಿಸಿದಳು. ನಲವತ್ತು ದಿನದ ಹಿಂದಿನದು. 'ಸೋಂಕು ಇಲ್ಲ.'

ಹೊಟ್ಟೆ ಒಂದೇ. ವರದಿ ಎರಡು. ಒಂದು ಸುಳ್ಳು.

*

ಚಿಕಿತ್ಸಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಸಾಲು ಬೀದಿಗಿಳಿದಿತ್ತು. ಮುದಿ ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದರು.

"ಉಸಿರಿನ ಪರೀಕ್ಷೆ. ಆಸಿಡ್ ಮಾತ್ರೆ ತಿಂದು ಬಂದ್ರೆ ಇದು ಸುಳ್ಳು ಹೇಳುತ್ತೆ. ಎರಡು ವಾರ ನಿಲ್ಲಿಸಿರಬೇಕು."

"ನಿಲ್ಲಿಸಿದ್ದ. ಹದಿನಾಲ್ಕು ರಾತ್ರೀನೂ ಉರಿ ತಾಳ್ದೆ ಕುರ್ಚೀಲಿ ಕೂತೇ ನಿದ್ದೆ ಮಾಡಿದ್ನಂತೆ, ಹೆಂಡತಿ ಹೇಳಿದ್ಲು."

"ಹಾಗಾದ್ರೆ ತಪ್ಪಾಗೋದು ಕಷ್ಟ. ಮೊದಲು ಒಂದು ಚೀಲಕ್ಕೆ ಊದಿಸ್ತೀವಿ. ಆಮೇಲೆ ಒಂದು ದ್ರಾವಣ ಕುಡಿಸ್ತೀವಿ. ಸೋಂಕಿದ್ರೆ ಅದು ದ್ರಾವಣಾನ ಒಡೆಯುತ್ತೆ, ಉಸಿರು ಬದಲಾಗುತ್ತೆ. ಅರ್ಧ ಗಂಟೆ ಬಿಟ್ಟು ಎರಡನೇ ಚೀಲ."

ಮಾತ್ರೆ ಜಗಿಯುತ್ತಿದ್ದ ಇನ್ಸ್‌ಪೆಕ್ಟರಳ ದವಡೆ ನಿಂತಿತು.

"ಎಷ್ಟು ಹೊತ್ತು ಬಿಟ್ಟು?"

"ಅರ್ಧ ಗಂಟೆ."

ಹೋದ ತಿಂಗಳು ಅವಳೂ ಇಲ್ಲಿ ಊದಿದ್ದಳು. ಒಂದರ ಹಿಂದೆ ಒಂದು, ಎರಡು ಚೀಲ. ಕೊನೆಯಲ್ಲಿ ಒಂದು ಲೋಟ ಹುಳಿ ನೀರು. ಎಲ್ಲ ಸೇರಿ ಐದು ನಿಮಿಷ. ಇಷ್ಟು ಬೇಗ ಬಿಟ್ಟರಲ್ಲ ಎಂದು ಖುಷಿಪಟ್ಟಿದ್ದಳು. ಅವಳ ಕಾಗದದಲ್ಲೂ ಅದೇ: ಸೋಂಕು ಇಲ್ಲ.

"ರಿಜಿಸ್ಟರ್ ತರಿಸಿ," ಅಂದಳು.

*

ಲ್ಯಾಬಿನವನು ರಿಜಿಸ್ಟರನ್ನು ಎದೆಗವಚಿಕೊಂಡೇ ತಂದ. ಡ್ರೈವರನ ಸಾಲು: ಮೊದಲ ಚೀಲ ಒಂಬತ್ತು ಹತ್ತು. ಎರಡನೆಯದು ಒಂಬತ್ತು ನಲವತ್ತು.

ಇನ್ಸ್‌ಪೆಕ್ಟರ್ ಬಸ್ ಡಿಪೋಗೆ ಫೋನ್ ಮಾಡಿದಳು. ಕೇಳಿಸಿಕೊಂಡಳು. ಇಟ್ಟಳು.

"ಅವತ್ತು ಅವನ ಬಸ್ಸು ಗೇಟು ದಾಟಿದ್ದು ಒಂಬತ್ತೂವರೆಗೆ. ಒಂಬತ್ತು ನಲವತ್ತಕ್ಕೆ ನಿನ್ನ ಚೀಲಕ್ಕೆ ಊದಿದ್ದು ಯಾರು, ಸ್ಟೇರಿಂಗಾ?"

ಅವನು ರಿಜಿಸ್ಟರ್ ಮುಚ್ಚಲು ಹೋದ. ಅವಳು ಅದರ ಮೇಲೆ ಕೈಯಿಟ್ಟಳು.

"ಎರಡೂ ಚೀಲ ಒಟ್ಟಿಗೇ ಊದಿಸಿದೆ. ದ್ರಾವಣ ಕುಡಿಯೋಕೆ ಮುಂಚೆ. ಎರಡರಲ್ಲೂ ಒಂದೇ ಉಸಿರು. ವ್ಯತ್ಯಾಸ ಎಲ್ಲಿಂದ ಬರಬೇಕು? ನನಗೂ ಹಾಗೇ ಮಾಡಿದೀಯ. ಅರ್ಧ ಗಂಟೆ ಹುಟ್ಟಿದ್ದು ನಿನ್ನ ಪೆನ್ನಲ್ಲಿ."

"ಕೂರಿಸೋಕೆ ಜಾಗ ಎಲ್ಲಿದೆ ಮೇಡಂ?" ಅವನು ಬಾಗಿಲಾಚೆಯ ಸಾಲಿನತ್ತ ಕೈ ತೋರಿಸಿದ. "ಎಲ್ರಿಗೂ ಅವಸರ. ಅವನಂತೂ ಬಸ್ ಬಿಡ್ಬೇಕು ಅಣ್ಣ ಅಂತ ಕೈ ಮುಗಿದ. ಮೊದಲು ಯಾರಿಗೋ ಒಂದ್ಸಲ ಮಾಡಿದ್ದೆ. ಯಾರೂ ಕೇಳ್ಲಿಲ್ಲ."

"ಒಂದ್ಸಲ?"

"ಮೂರು ತಿಂಗಳಿಂದ ಹೀಗೇ."

ಡಾಕ್ಟರು ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು. "ಉರಿ ಹೋಗ್ಲಿಲ್ಲ ಅಂತ ಆ ಡ್ರೈವರು ಒಂದ್ಸಲ ವಾಪಸ್ ಬಂದಿದ್ದ. ಕಾಗದ ತೋರಿಸಿ ನಾನೇ ಕಳಿಸಿದ್ದು."

ಹೊರಗೆ ಸಾಲಿನಲ್ಲಿ ಯಾರೋ ಗೊಣಗಿದರು, "ಬೇಗ ಆಗ್ಲಿ ಮಾರಾಯ್ರೇ."

*

ಸಂಜೆ ಠಾಣೆಯಲ್ಲಿ ಹೆಂಡತಿ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದಳು. ಅಣ್ಣ ಗೇಟಿನಾಚೆ ಬೆನ್ನು ತಿರುಗಿಸಿ ನಿಂತಿದ್ದ. ಲ್ಯಾಬಿನವನು ಒಳಗಿನ ಕೋಣೆಯಲ್ಲಿದ್ದ.

ಡಾಕ್ಟರು ತಾವೇ ಬಂದಿದ್ದರು. ಮೇಜಿನ ಮೇಲೆ ಎರಡು ಚೀಲ, ಒಂದು ಲೋಟ ದ್ರಾವಣ, ಕೈಯಿಂದ ಬಿಚ್ಚಿಟ್ಟ ಗಡಿಯಾರ.

"ತಾಯಿ, ಇದು ಒಂದೇ ಮನೇಲಿ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತೆ. ನಿಮಗೂ ಇರಬಹುದು. ಗಡಿಯಾರ ನೋಡ್ಕೊಂಡು ಅರ್ಧ ಗಂಟೆ ನಾನೇ ಪಕ್ಕದಲ್ಲಿ ಕೂತಿರ್ತೀನಿ. ಊದಿ."

ಅವಳು ಚೀಲ ನೋಡಿದಳು. ಗಾಳಿಯಿಲ್ಲದೆ ಚಪ್ಪಟೆಯಾಗಿ ಬಿದ್ದಿತ್ತು.

"ನಿಮಗೂ ಉರಿ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಇದೆ."

"ಮತ್ತೆ?"

ಹೆಂಡತಿ ಗಡಿಯಾರವನ್ನು ಡಾಕ್ಟರ ಕಡೆಗೆ ಸರಿಸಿದಳು.

"ಅವರೂ ನಿಮ್ಮ ಕಾಗದಾನ ನಂಬಿದ್ರು. ಊದಲ್ಲ."